ಒಂದು ಕಂತಿನ ಲೆಕ್ಕ ನಡೆಯುವಾಗಲೇ ಮುಂದಿನ ಕಂತು ಓದಿಸುವುದು: ಎಂಪಿಐನಲ್ಲಿ ನಾನ್‌ಬ್ಲಾಕಿಂಗ್ ಕಲೆಕ್ಟಿವ್ ಫೈಲ್ ಓದು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವುದರಿಂದ ಇಲ್ಲಿನ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಎಂದರೆ ಮಳೆ ಲೆಕ್ಕಕ್ಕೇ ಕೈಹಾಕುತ್ತಾರೆ. ಪ್ಯಾರಲಲ್ ಪ್ರೋಗ್ರಾಂ ಬರೆಯುತ್ತಾರೆ, ಲೆಕ್ಕದ ಭಾಗವನ್ನು ನಾಲ್ಕು ಕೋರ್‌ಗಳಿಗೆ ಚೆನ್ನಾಗಿಯೇ ಹಂಚುತ್ತಾರೆ, ಆದರೆ ಫೈಲ್ ಓದುವ ಜಾಗದಲ್ಲಿ ಎಲ್ಲರೂ ಕೈಕಟ್ಟಿ ನಿಲ್ಲುವಂತೆ ಬರೆದಿರುತ್ತಾರೆ. ಓದುವಾಗ ಸಿಪಿಯು ಖಾಲಿ, ಲೆಕ್ಕ ಮಾಡುವಾಗ ಡಿಸ್ಕ್ ಖಾಲಿ. ಈ ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಸಿ ಭಾಷೆ ಮತ್ತು ಎಂಪಿಐನ (ಹಲವು ಪ್ರೊಸೆಸ್‌ಗಳು ಸಂದೇಶ ಕಳಿಸಿಕೊಳ್ಳುತ್ತ ಒಟ್ಟಿಗೆ ಕೆಲಸ ಮಾಡಲು ಇರುವ ಮಾನಕ) ಮೂಲ ಪರಿಚಯ ನಿಮಗಿದೆ ಎಂದುಕೊಂಡಿದ್ದೇನೆ. ಫಂಕ್ಷನ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ.

ಮೊದಲು ಡೇಟಾ ಅರ್ಥ ಮಾಡಿಕೊಳ್ಳಿ

ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನವಹಿ ಮಳೆಯನ್ನು 0.25 ಡಿಗ್ರಿ ಚೌಕಗಳ ಗ್ರಿಡ್ ಆಗಿ ಕೊಡುತ್ತದೆ. ವರ್ಷಕ್ಕೊಂದು ಬೈನರಿ ಫೈಲ್. ಪೂರ್ವ ಪಶ್ಚಿಮವಾಗಿ 135 ಬಿಂದು (66.5ರಿಂದ 100 ಡಿಗ್ರಿ ಪೂರ್ವ), ದಕ್ಷಿಣೋತ್ತರವಾಗಿ 129 ಬಿಂದು (6.5ರಿಂದ 38.5 ಡಿಗ್ರಿ ಉತ್ತರ). ಒಂದೊಂದು ಮೌಲ್ಯವೂ 4 ಬೈಟಿನ ಫ್ಲೋಟ್. ದಕ್ಷಿಣದ ಸಾಲಿನಿಂದ ಶುರುವಾಗಿ, ಪ್ರತಿ ಸಾಲಿನಲ್ಲೂ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಸಮುದ್ರ, ಪರದೇಶ ಇತ್ಯಾದಿ ಮಾಹಿತಿ ಇಲ್ಲದ ಕಡೆ -999.

ಹಾಗಾದರೆ ಒಂದು ದಿನಕ್ಕೆ 17,415 ಮೌಲ್ಯ, ಅಂದರೆ 69,660 ಬೈಟ್. 1901ರಿಂದ 2020ರವರೆಗಿನ 120 ವರ್ಷಗಳಲ್ಲಿ 30 ಅಧಿಕ ವರ್ಷಗಳು, ಒಟ್ಟು 43,830 ದಿನ. ವರ್ಷದ ಫೈಲ್‌ಗಳನ್ನು ಕ್ರಮವಾಗಿ ಒಂದರ ಹಿಂದೆ ಒಂದು ಜೋಡಿಸಿ ಒಂದೇ ಫೈಲ್ ಮಾಡಿದರೆ 3,053,197,800 ಬೈಟ್ ಬರಬೇಕು. ಈ ಸಂಖ್ಯೆ ಸರಿಯಾಗಿ ಬಾರದಿದ್ದರೆ ಮುಂದೆ ಹೋಗಬೇಡಿ. ಯಾವುದೋ ವರ್ಷ ಬಿಟ್ಟುಹೋಗಿದೆ ಅಥವಾ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಮಳೆಗಾಲದ ಕರೆಂಟು ನಂಬಿ ಡೌನ್‌ಲೋಡ್ ಹಾಕುವವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಈ ಬೈಟ್ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಸಾಧಾರಣ ಇಂಟ್‌ನಲ್ಲಿ ಹಿಡಿಯುವುದು 2,147,483,647ರವರೆಗೆ ಮಾತ್ರ. ಬೈಟ್ ಸ್ಥಾನವನ್ನು ಇಂಟ್‌ನಲ್ಲಿ ಲೆಕ್ಕ ಹಾಕಿದರೆ ಮೊದಲ ಎಂಬತ್ತು ಚಿಲ್ಲರೆ ವರ್ಷ ಸರಿಯಾಗಿ ಬಂದು, ಆಮೇಲೆ ಸ್ಥಾನ ಋಣಸಂಖ್ಯೆಯಾಗುತ್ತದೆ. ಸ್ಥಾನ ಎಂದಾಗಲೆಲ್ಲ ಎಂಪಿಐ_ಆಫ್‌ಸೆಟ್ ಬಳಸಿ. ಗುಣಾಕಾರ ಶುರುವಾಗುವ ಮೊದಲೇ ಒಂದು ಸಂಖ್ಯೆಯನ್ನು ಆ ಜಾತಿಗೆ ಬದಲಿಸಿಕೊಳ್ಳಿ, ಗುಣಿಸಿ ಆದಮೇಲೆ ಬದಲಿಸಿ ಪ್ರಯೋಜನವಿಲ್ಲ.

ಕೆಲಸ ಹಂಚುವ ಬಗೆ

ನಮ್ಮ ಪ್ರಶ್ನೆ ಹೀಗಿರಲಿ: ಪ್ರತಿ ಬಿಂದುವಿನಲ್ಲೂ ಬಿಡುವಿಲ್ಲದೆ ಮಳೆ ಬಂದ ಅತಿ ಉದ್ದದ ಸರಣಿ ಎಷ್ಟು ದಿನದ್ದು? ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ. ಜೊತೆಗೆ 204.5 ಮಿಲಿಮೀಟರ್ ಮುಟ್ಟಿದ ಅತ್ಯಂತ ಭಾರಿ ಮಳೆಯ ದಿನಗಳೆಷ್ಟು ಎಂದೂ ಎಣಿಸೋಣ.

ದಿನಗಳನ್ನು ಹಂಚಿಕೊಂಡರೆ ಓದುವುದು ಸುಲಭ, ಪ್ರತಿ ಪ್ರೊಸೆಸ್‌ಗೂ ಒಂದೇ ಉದ್ದನೆಯ ತುಂಡು ಸಿಗುತ್ತದೆ. ಆದರೆ ಸರಣಿ ಗಡಿ ದಾಟುತ್ತದಲ್ಲ? ಹುಲಿಕಲ್ ಕಡೆ ಜೂನ್ ಕೊನೆಯಲ್ಲಿ ಹಿಡಿದ ಮಳೆ ಜುಲೈ ಪೂರ್ತಿ ಬಿಡದೆ ಹೊಡೆಯುವಾಗ, ಗಡಿ ಜುಲೈ ಮಧ್ಯೆ ಬಿದ್ದರೆ ಒಂದು ಸರಣಿ ಎರಡಾಗಿ ಒಡೆಯುತ್ತದೆ. ಆದ್ದರಿಂದ ಸಾಲುಗಳನ್ನು ಹಂಚೋಣ. ನಾಲ್ಕು ಪ್ರೊಸೆಸ್ ಇದ್ದರೆ 129 ಸಾಲುಗಳು 33, 32, 32, 32 ಎಂದು ಒಡೆಯುತ್ತವೆ. ಪ್ರತಿ ಬಿಂದುವಿನ ಪೂರ್ತಿ ಇತಿಹಾಸ ಒಂದೇ ಪ್ರೊಸೆಸ್ ಕೈಯಲ್ಲಿರುತ್ತದೆ.

ಇದರಿಂದ ಫೈಲಿನ ಕಡೆ ಪೆಟ್ಟು ಬೀಳುತ್ತದೆ. 32 ಸಾಲು ಅಂದರೆ ದಿನಕ್ಕೆ 17,280 ಬೈಟ್. ಅಂಥ 43,830 ಚೂರುಗಳು ಫೈಲಿನ ಉದ್ದಕ್ಕೂ ಚದುರಿರುತ್ತವೆ. ಪ್ರತಿ ಪ್ರೊಸೆಸ್ ತನ್ನಷ್ಟಕ್ಕೆ ಓದಲು ಹೊರಟರೆ ಒಂದೋ ಸಾವಿರಾರು ಸಣ್ಣ ಓದುಗಳಾಗುತ್ತವೆ, ಇಲ್ಲವೇ ನಾಲ್ವರೂ ಇಡೀ ಫೈಲನ್ನೇ ಓದಿ ಮುಕ್ಕಾಲು ಭಾಗ ಎಸೆಯಬೇಕಾಗುತ್ತದೆ.

ಕಲೆಕ್ಟಿವ್ ಓದು ಬೇಕಾಗುವುದು ಇಲ್ಲಿಯೇ. ಎಲ್ಲ ಪ್ರೊಸೆಸ್‌ಗಳೂ ಒಟ್ಟಿಗೆ ಕರೆ ಕೊಟ್ಟಾಗ ಲೈಬ್ರರಿಗೆ ಎಲ್ಲರ ಬೇಡಿಕೆಯೂ ಒಮ್ಮೆಗೇ ಕಾಣುತ್ತದೆ. ಅಗ್ರಿಗೇಟರ್ ಎಂದು ಆರಿಸಿದ ಕೆಲವೇ ಪ್ರೊಸೆಸ್‌ಗಳು ಫೈಲಿನಿಂದ ದೊಡ್ಡ ಅಖಂಡ ತುಂಡುಗಳನ್ನು ಓದಿ, ಯಾರದನ್ನು ಯಾರಿಗೆ ಕೊಡಬೇಕೋ ನೆಟ್‌ವರ್ಕ್ ಅಥವಾ ಮೆಮೊರಿಯ ಮೂಲಕ ಹಂಚುತ್ತವೆ. ಇದಕ್ಕೆ ಟೂ ಫೇಸ್ ಐಓ ಎನ್ನುತ್ತಾರೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಬೆಳೆದ ರೋಮಿಯೋ ಎಂಬ ಲೈಬ್ರರಿ ಈ ಕೆಲಸಕ್ಕೆ ಹೆಸರುವಾಸಿ, ಎಂಪಿಐನ ಜನಪ್ರಿಯ ಅಳವಡಿಕೆಯಾದ ಎಂಪಿಚ್ ಒಳಗಿರುವುದು ಅದೇ.

ಆವೃತ್ತಿ ನೋಡಿಕೊಳ್ಳಿ

ಎಂಪಿಐನಲ್ಲಿ ಫೈಲ್ ಓದು ಬರಹ ಸೇರಿದ್ದು 1997ರ ಎರಡನೇ ಆವೃತ್ತಿಯಲ್ಲಿ. ಬ್ರಾಡ್‌ಕ್ಯಾಸ್ಟ್, ರಿಡ್ಯೂಸ್ ಮುಂತಾದವಕ್ಕೆ ನಾನ್‌ಬ್ಲಾಕಿಂಗ್ ರೂಪ, ಅಂದರೆ ಕೆಲಸ ಮುಗಿಯುವವರೆಗೆ ಕಾಯದೆ ಕೂಡಲೇ ವಾಪಸ್ ಬರುವ ಕರೆ, ಬಂದದ್ದು 2012ರ 3.0ರಲ್ಲಿ. ಫೈಲ್‌ಗಳ ಸರದಿ ಬಂದದ್ದು 2015ರ 3.1ರಲ್ಲಿ: ಎಂಪಿಐ_ಫೈಲ್_ಐರೀಡ್_ಆಲ್, ಎಂಪಿಐ_ಫೈಲ್_ಐರೀಡ್_ಆಟ್_ಆಲ್, ಮತ್ತು ಬರೆಯಲು ಅವುಗಳ ಜೋಡಿ. ಎಂಪಿಐ_ಗೆಟ್_ವರ್ಷನ್ ಕರೆದು 3.1 ಅಥವಾ ಮೇಲಿನದು ಇದೆಯೇ ನೋಡಿ. ಕಾಲೇಜು ಲ್ಯಾಬಿನ ಹಳೇ ಮೆಷಿನ್‌ಗಳಲ್ಲಿ ಏನಿರುತ್ತದೋ ಹೇಳಲಾಗದು.

ಹಳೆಯದೇ ಇದ್ದರೆ ರೀಡ್_ಆಟ್_ಆಲ್_ಬಿಗಿನ್ ಮತ್ತು ರೀಡ್_ಆಟ್_ಆಲ್_ಎಂಡ್ ಎಂಬ ಜೋಡಿ 1997ರಿಂದಲೇ ಇದೆ. ಆದರೆ ಒಂದು ಫೈಲ್ ಹ್ಯಾಂಡಲ್ ಮೇಲೆ ಒಂದು ಸಲಕ್ಕೆ ಇಂಥ ಒಂದೇ ಓದು ಚಾಲ್ತಿಯಲ್ಲಿರಬಹುದು. ಅದಕ್ಕೆ ರಿಕ್ವೆಸ್ಟ್ ಕೂಡ ಇಲ್ಲ, ಆದ್ದರಿಂದ ಮುಗಿಯಿತೇ ಎಂದು ನಡುವೆ ಕೇಳುವಂತಿಲ್ಲ.

ಫೈಲ್ ತೆರೆದು ನೋಟ ಹೊಂದಿಸುವುದು

ಫೈಲ್ ತೆರೆಯುವ ಮುನ್ನ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ. ಕಮ್ಯುನಿಕೇಟರ್‌ಗಳಲ್ಲಿ ದೋಷ ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಫೈಲ್‌ಗಳಲ್ಲಿ ಹಾಗಲ್ಲ, ದೋಷದ ಸಂಖ್ಯೆ ವಾಪಸ್ ಬರುತ್ತದೆ ಅಷ್ಟೇ, ನೀವು ನೋಡದಿದ್ದರೆ ಪ್ರೋಗ್ರಾಂ ಏನೂ ಆಗದಂತೆ ಮುಂದೆ ಹೋಗುತ್ತದೆ. ಫೈಲಿನ ಹೆಸರು ತಪ್ಪಿದ್ದರೂ ಗೊತ್ತಾಗದೆ ಕೊನೆಗೆ ಕಸ ಉತ್ತರ ಬರುವುದು ಹೀಗೆ. ಎಂಪಿಐ_ಫೈಲ್_ಸೆಟ್_ಎರ್‌ಹ್ಯಾಂಡ್ಲರ್‌ಗೆ ಎಂಪಿಐ_ಫೈಲ್_ನಲ್ ಮತ್ತು ಎಂಪಿಐ_ಎರರ್ಸ್_ಆರ್_ಫೇಟಲ್ ಕೊಟ್ಟರೆ ಮುಂದೆ ತೆರೆಯುವ ಎಲ್ಲ ಫೈಲ್‌ಗಳಿಗೂ ದೋಷ ಬಂದ ಕೂಡಲೇ ನಿಲ್ಲುವ ನಿಯಮ ಅನ್ವಯವಾಗುತ್ತದೆ.

ಆಮೇಲೆ ಓದಲು ಮಾತ್ರ ಎಂಬ ಮೋಡ್‌ನಲ್ಲಿ ಎಂಪಿಐ_ಫೈಲ್_ಓಪನ್. ಎಂಪಿಐ_ಫೈಲ್_ಗೆಟ್_ಸೈಜ್ ಕರೆದು ಗಾತ್ರವನ್ನು 69,660ರಿಂದ ಭಾಗಿಸಿ, ಶೇಷ ಸೊನ್ನೆಯೇ ಎಂದು ಪರೀಕ್ಷಿಸಿ.

ಈಗ ಪ್ರತಿ ಪ್ರೊಸೆಸ್‌ಗೂ ತನ್ನ ಸಾಲುಗಳು ಮಾತ್ರ ಕಾಣುವಂತೆ ನೋಟ ಕಟ್ಟಬೇಕು. ಎಂಪಿಐ_ಟೈಪ್_ಕ್ರಿಯೇಟ್_ಸಬ್‌ಅರ್ರೇ ಕರೆಯಿರಿ: ಪೂರ್ಣ ಗಾತ್ರ 129 × 135, ನಮ್ಮ ಪಾಲು ಸಾಲುಗಳು × 135, ಆರಂಭ ಮೊದಲ ಸಾಲು ಮತ್ತು 0, ಸಿ ಕ್ರಮ, ಫ್ಲೋಟ್. ಎಂಪಿಐ_ಟೈಪ್_ಕಮಿಟ್ ಆದಮೇಲೆ ಎಂಪಿಐ_ಫೈಲ್_ಸೆಟ್_ವ್ಯೂಗೆ ಫ್ಲೋಟನ್ನು ಮೂಲ ಘಟಕವಾಗಿಯೂ ಈ ಹೊಸ ಟೈಪನ್ನು ಫೈಲ್‌ಟೈಪ್ ಆಗಿಯೂ ಕೊಡಿ. ಸಬ್‌ಅರ್ರೇಯ ವ್ಯಾಪ್ತಿ ಇಡೀ ದಿನದಷ್ಟು ಇರುವುದರಿಂದ ಎರಡನೇ ದಿನ, ಮೂರನೇ ದಿನ ತಾನಾಗಿಯೇ ಹಿಂದಿನದರ ಪಕ್ಕಕ್ಕೆ ಬಂದು ಕೂರುತ್ತದೆ, ದಿನಗಳಿಗೆ ಬೇರೆ ಲೂಪ್ ಬೇಡ. ಇನ್ನು ಮುಂದೆ ಸ್ಥಾನ ಎಂದರೆ ಬೈಟ್ ಅಲ್ಲ, ನಿಮಗೆ ಕಾಣುವ ಫ್ಲೋಟ್‌ಗಳ ಎಣಿಕೆ.

ಸಾಲುಗಳಿಗಿಂತ ಪ್ರೊಸೆಸ್‌ಗಳು ಹೆಚ್ಚಾದರೆ ಕೆಲವಕ್ಕೆ ಪಾಲೇ ಇರುವುದಿಲ್ಲ. ಸೊನ್ನೆ ಸಾಲಿನ ಸಬ್‌ಅರ್ರೇ ಕಟ್ಟುವಂತಿಲ್ಲ. ಅಂಥ ಪ್ರೊಸೆಸ್ ಬರೀ ಫ್ಲೋಟನ್ನೇ ಫೈಲ್‌ಟೈಪ್ ಆಗಿ ಕೊಟ್ಟು, ಪ್ರತಿ ಓದಿನಲ್ಲೂ ಎಣಿಕೆ 0 ಇಟ್ಟು ಹಾಜರಿ ಹಾಕಲಿ. ಗೈರುಹಾಜರಾದರೆ ಉಳಿದವರೆಲ್ಲ ಕಾಯುತ್ತ ನಿಲ್ಲುತ್ತಾರೆ.

ಮೊದಲು ಸಾದಾ ಓದು ಬರೆಯಿರಿ

ನೇರವಾಗಿ ನಾನ್‌ಬ್ಲಾಕಿಂಗ್ ಬರೆಯಲು ಹೋಗಬೇಡಿ. ಎಂಪಿಐ_ಫೈಲ್_ರೀಡ್_ಆಟ್_ಆಲ್ ಬಳಸಿ, 365 ದಿನಗಳ ಕಂತುಗಳಲ್ಲಿ ಓದಿ ಲೆಕ್ಕ ಮಾಡುವ ಸಾದಾ ಪ್ರೋಗ್ರಾಂ ಮೊದಲು ನಿಲ್ಲಲಿ. ಒಟ್ಟು 121 ಕಂತು, ಕೊನೆಯದರಲ್ಲಿ 30 ದಿನ ಮಾತ್ರ. 33 ಸಾಲಿನ ಪ್ರೊಸೆಸ್‌ಗೆ ಒಂದು ಕಂತು 6,504,300 ಬೈಟ್. ಸರಣಿಯ ಚಾಲ್ತಿ ಎಣಿಕೆಯನ್ನು ಬಿಂದುವಾರು ಅರ್ರೇಯಲ್ಲಿ ಇಟ್ಟುಕೊಂಡರೆ ಕಂತಿನ ಗಡಿ ತೊಂದರೆ ಕೊಡುವುದಿಲ್ಲ.

ಸರಿಯಾದುದನ್ನೇ ಓದುತ್ತಿದ್ದೇವೆಯೇ ಎಂದು ನೋಡಲು ಆಗುಂಬೆಗೆ ಹತ್ತಿರದ ಬಿಂದು ತೆಗೆದುಕೊಳ್ಳಿ: 13.5 ಉತ್ತರ, 75.0 ಪೂರ್ವ. ಸೊನ್ನೆಯಿಂದ ಎಣಿಸಿದರೆ 28ನೇ ಸಾಲು, 34ನೇ ಕಂಬ. ದಿನದೊಳಗೆ ಅದರ ಸ್ಥಾನ 28 × 135 + 34 = 3814, ದಿನದ ಆರಂಭದಿಂದ 15,256ನೇ ಬೈಟ್. ಒಂದು ಜುಲೈ ದಿನದ ಮೌಲ್ಯವನ್ನು ಸಾದಾ ಎಫ್‌ಸೀಕ್, ಎಫ್‌ರೀಡ್‌ನಿಂದ ಓದಿ, ನಿಮ್ಮ ಎಂಪಿಐ ಬಫರಿನ ಮೌಲ್ಯದ ಜೊತೆ ಹೋಲಿಸಿ. ಎರಡೂ ಅಕ್ಷರಶಃ ಒಂದೇ ಆಗಿರಬೇಕು. ಆಗುಂಬೆಯ ಮಳೆಮಾಪಕದ ಅಂಕಿಗೆ ಹೋಲಿಸಲು ಹೋಗಬೇಡಿ. ಒಂದು ಗ್ರಿಡ್ ಚೌಕ ಸುಮಾರು 27 ಕಿಲೋಮೀಟರ್ ಅಗಲ, ಘಾಟಿಯ ಅಂಚಿನ ಮಳೆ ಆ ಸರಾಸರಿಯಲ್ಲಿ ಕರಗಿರುತ್ತದೆ.

ಈ ಪ್ರೋಗ್ರಾಂನ ಉತ್ತರವನ್ನು ಎತ್ತಿಟ್ಟುಕೊಳ್ಳಿ. ನಾನ್‌ಬ್ಲಾಕಿಂಗ್ ರೂಪದ ಉತ್ತರ ಇದಕ್ಕೆ ಪೂರ್ತಿ ತಾಳೆಯಾಗದಿದ್ದರೆ ವೇಗದ ಮಾತೇ ಬೇಡ.

ಎರಡು ಬಫರ್, ಎರಡು ರಿಕ್ವೆಸ್ಟ್

ಅಡಿಕೆ ಕೊಯ್ಲಿನ ಮನೆಗಳಲ್ಲಿ ಒಂದು ಹಂಡೆ ಬೇಯುತ್ತಿರುವಾಗಲೇ ಮುಂದಿನ ಹಂಡೆಯದ್ದು ಸುಲಿಯುತ್ತಿರುತ್ತಾರೆ. ಇಲ್ಲಿಯೂ ಅಷ್ಟೇ. ಚೌಕಟ್ಟು ಹೀಗಿದೆ:

ಕಂತು 0 ಓದಲು ಐರೀಡ್_ಆಟ್_ಆಲ್ → ಬಫರ್[0], ರಿಕ್ವೆಸ್ಟ್[0]
ಕಂತು = 0ರಿಂದ 120ರವರೆಗೆ:
  ಈಗ = ಕಂತು % 2, ಮುಂದೆ = 1 - ಈಗ
  ಕಂತು < 120 ಆದರೆ: ಕಂತು+1 ಓದಲು ಐರೀಡ್_ಆಟ್_ಆಲ್ → ಬಫರ್[ಮುಂದೆ], ರಿಕ್ವೆಸ್ಟ್[ಮುಂದೆ]
  ರಿಕ್ವೆಸ್ಟ್[ಈಗ] ಮುಗಿಯುವವರೆಗೆ ವೇಯ್ಟ್
  ಬಫರ್[ಈಗ] ಮೇಲೆ ಲೆಕ್ಕ, ನಡುನಡುವೆ ರಿಕ್ವೆಸ್ಟ್[ಮುಂದೆ] ಮೇಲೆ ಟೆಸ್ಟ್

ಸ್ಥಾನ = ಕಂತು × 365 × ಸಾಲುಗಳು × 135, ಎಣಿಕೆ = ಆ ಕಂತಿನ ದಿನಗಳು × ಸಾಲುಗಳು × 135. ಐರೀಡ್_ಆಲ್ ಬಳಸಿದರೆ ಸ್ಥಾನ ಕೊಡಬೇಕಾಗಿಲ್ಲ, ಫೈಲ್ ಪಾಯಿಂಟರ್ ತಾನೇ ಮುಂದೆ ಹೋಗುತ್ತದೆ. ಆದರೂ ನನಗೆ ಐರೀಡ್_ಆಟ್_ಆಲ್ ಇಷ್ಟ. ತಪ್ಪು ಹುಡುಕುವಾಗ ಯಾವ ಕಂತು ಎಲ್ಲಿಂದ ಬಂತು ಎಂಬುದು ಆ ಸಾಲಿನಲ್ಲೇ ಕಾಣುತ್ತದೆ.

ಲೂಪಿನೊಳಗೆ ವೇಯ್ಟ್‌ಗಿಂತ ಮುಂಚೆ ಮುಂದಿನ ಓದು ಶುರು ಮಾಡಿದ್ದೇವೆ, ಅಂದರೆ ಒಂದೇ ಹ್ಯಾಂಡಲ್ ಮೇಲೆ ಎರಡು ಓದು ಚಾಲ್ತಿಯಲ್ಲಿವೆ. 3.1ರ ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಎಲ್ಲ ಪ್ರೊಸೆಸ್‌ಗಳೂ ಈ ಕರೆಗಳನ್ನು ಒಂದೇ ಕ್ರಮದಲ್ಲಿ ಕೊಟ್ಟರಾಯಿತು. ಒಂದು ಪ್ರೊಸೆಸ್ ಐರೀಡ್_ಆಟ್_ಆಲ್ ಎಂದಾಗ ಇನ್ನೊಂದು ಸಾದಾ ರೀಡ್_ಆಟ್_ಆಲ್ ಎಂದರೆ ಅವು ಜೋಡಿಯಾಗುವುದಿಲ್ಲ.

ವೇಯ್ಟ್ ಮುಗಿಯುವವರೆಗೆ ಆ ಬಫರನ್ನು ಮುಟ್ಟಬಾರದು, ಇಣುಕಿ ನೋಡುವುದೂ ಬೇಡ. ಅರ್ಧ ತುಂಬಿದ ಬಫರಿನಲ್ಲಿ ಹಿಂದಿನ ಕಂತಿನ ಮಳೆಯೇ ಇರುತ್ತದೆ. ಅಂಕಿಗಳು ನಂಬುವಂತೆಯೇ ಕಾಣುವುದರಿಂದ ಈ ತಪ್ಪು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಪರೀಕ್ಷೆಯ ಹಂತದಲ್ಲಿ ಪ್ರತಿ ಓದಿಗೆ ಮುಂಚೆ ಬಫರಿಗೆ -12345 ತುಂಬಿಸಿಡಿ. ಲೆಕ್ಕದಲ್ಲಿ ಆ ಸಂಖ್ಯೆ ಕಂಡರೆ ಕಾಯದೆ ಮುಟ್ಟಿದ್ದೀರಿ ಎಂದು ಅರ್ಥ.

ಟೆಸ್ಟ್ ಏಕೆ, ಎಲ್ಲಿ

ಇಷ್ಟು ಬರೆದು ಓಡಿಸಿದವರಲ್ಲಿ ಹೆಚ್ಚಿನವರಿಗೆ ವೇಗ ಒಂದಿಷ್ಟೂ ಬದಲಾಗದೆ ನಿರಾಸೆಯಾಗುತ್ತದೆ. ಐರೀಡ್_ಆಟ್_ಆಲ್ ಕೂಡಲೇ ವಾಪಸ್ ಬರುತ್ತದೆ ನಿಜ. ಆದರೆ ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸುವವರು ಯಾರು? ಟೂ ಫೇಸ್ ಓದು ಹಲವು ಸುತ್ತುಗಳ ಕೆಲಸ: ಬೇಡಿಕೆಗಳ ವಿನಿಮಯ, ಡಿಸ್ಕಿನಿಂದ ಓದು, ಹಂಚಿಕೆ, ಮತ್ತೆ ಮುಂದಿನ ಸುತ್ತು. ಬಹುತೇಕ ಎಂಪಿಐಗಳಲ್ಲಿ ನಿಮ್ಮ ಪ್ರೋಗ್ರಾಂ ಲೈಬ್ರರಿಯೊಳಗೆ ಕಾಲಿಟ್ಟಾಗ ಮಾತ್ರ ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟುತ್ತದೆ. ನೀವು ಒಂದು ವರ್ಷದ ಲೆಕ್ಕದಲ್ಲಿ ಮುಳುಗಿದ್ದರೆ ಓದು ಮೊದಲ ಸುತ್ತಿನಲ್ಲೇ ನಿಂತು, ವೇಯ್ಟ್ ಬಂದಾಗ ಎಲ್ಲವೂ ಒಟ್ಟಿಗೆ ನಡೆಯುತ್ತದೆ.

ಹಾಗಾಗಿ ಲೆಕ್ಕದ ಲೂಪಿನಲ್ಲಿ ಪ್ರತಿ ಹತ್ತು ಹದಿನೈದು ದಿನಗಳಿಗೊಮ್ಮೆ ಎಂಪಿಐ_ಟೆಸ್ಟ್ ಕರೆಯಿರಿ. ತೀರಾ ಪದೇ ಪದೇ ಕರೆದರೆ ಅದರ ಖರ್ಚೇ ಹೆಚ್ಚು, ತೀರಾ ಅಪರೂಪವಾದರೆ ಓದು ನಿಲ್ಲುತ್ತದೆ. ನಿಮ್ಮ ಮೆಷಿನ್‌ನಲ್ಲಿ ಯಾವ ಅಂತರ ಒಗ್ಗುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ಎಂಪಿಚ್‌ನಲ್ಲಿ ಎಂಪಿಚ್_ಅಸಿಂಕ್_ಪ್ರೋಗ್ರೆಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 1 ಕೊಟ್ಟರೆ ಈ ಕೆಲಸಕ್ಕೇ ಬೇರೆ ಥ್ರೆಡ್ ಓಡುತ್ತದೆ. ಆದರೆ ಅದು ಸಿಪಿಯು ತಿನ್ನುತ್ತದೆ. ನಾಲ್ಕು ಕೋರಿನ ಮೆಷಿನ್‌ನಲ್ಲಿ ನಾಲ್ಕು ಪ್ರೊಸೆಸ್ ಓಡಿಸುವವರಿಗೆ ಟೆಸ್ಟೇ ವಾಸಿ.

ಟೆಸ್ಟ್ ಹಾಕಿದ ಕೂಡಲೇ ಇನ್ನೊಂದು ಹಳ್ಳ ಎದುರಾಗುತ್ತದೆ. ಎಷ್ಟು ಮೌಲ್ಯ ಬಂತು ಎಂದು ನೋಡಲು ವೇಯ್ಟ್ ಕೊಟ್ಟ ಸ್ಟೇಟಸ್ಸನ್ನು ಎಂಪಿಐ_ಗೆಟ್_ಕೌಂಟ್‌ಗೆ ಕೊಡುತ್ತೀರಿ. ಆದರೆ ಟೆಸ್ಟ್ ನಡೆಯುವಾಗಲೇ ಓದು ಮುಗಿದಿದ್ದರೆ ರಿಕ್ವೆಸ್ಟ್ ಅಲ್ಲೇ ಎಂಪಿಐ_ರಿಕ್ವೆಸ್ಟ್_ನಲ್ ಆಗಿರುತ್ತದೆ. ಆಮೇಲಿನ ವೇಯ್ಟ್ ತಕ್ಷಣ ವಾಪಸ್ ಬಂದು ಖಾಲಿ ಸ್ಟೇಟಸ್ ಕೊಡುತ್ತದೆ, ಎಣಿಕೆ 0. ಡೇಟಾ ಸರಿಯಾಗಿ ಬಂದಿದ್ದರೂ ಬಂದಿಲ್ಲವೆಂದು ಪ್ರೋಗ್ರಾಂ ಕೂಗುತ್ತದೆ. ಟೆಸ್ಟ್ ಮುಗಿಯಿತು ಎಂದ ಸಲವೇ ಅದರ ಸ್ಟೇಟಸ್ಸಿನಿಂದ ಎಣಿಕೆ ತೆಗೆದಿಟ್ಟುಕೊಳ್ಳಿ, ಮತ್ತೆ ಟೆಸ್ಟ್ ಕರೆಯಬೇಡಿ, ವೇಯ್ಟ್ ದಾಟಿಕೊಂಡು ಹೋಗಿ. ಎಣಿಕೆ ನೋಡುವುದನ್ನೇ ಕೈಬಿಡುವುದು ಇದಕ್ಕೆ ಪರಿಹಾರವಲ್ಲ. ಫೈಲ್ ಮುಗಿದು ಕಡಿಮೆ ಬಂದರೆ ಎಂಪಿಐ ಅದನ್ನು ದೋಷವೆಂದು ಹೇಳುವುದಿಲ್ಲ, ಕಡಿಮೆ ಎಣಿಕೆಯೊಂದೇ ಸುಳಿವು.

ಮುಚ್ಚುವಾಗ

ಎಲ್ಲ ರಿಕ್ವೆಸ್ಟ್‌ಗಳೂ ಮುಗಿದ ಮೇಲೆಯೇ ಎಂಪಿಐ_ಫೈಲ್_ಕ್ಲೋಸ್. ಓದು ಚಾಲ್ತಿಯಲ್ಲಿರುವಾಗ ಸೆಟ್_ವ್ಯೂ ಕರೆಯುವುದೂ ತಪ್ಪು. ಬೇಕಾದ್ದು ಸಿಕ್ಕಿತೆಂದು ಲೂಪ್ ನಡುವೆ ಬ್ರೇಕ್ ಹಾಕುವುದಾದರೆ, ಎಲ್ಲ ಪ್ರೊಸೆಸ್‌ಗಳೂ ಒಂದೇ ಕಂತಿನಲ್ಲಿ ಹಾಕಬೇಕು ಮತ್ತು ಆಗಲೇ ಶುರುವಾದ ಓದನ್ನು ವೇಯ್ಟ್ ಮಾಡಿ ಮುಗಿಸಬೇಕು. ರಿಕ್ವೆಸ್ಟ್_ಫ್ರೀ ಅಥವಾ ಕ್ಯಾನ್ಸಲ್‌ನಿಂದ ತಪ್ಪಿಸಿಕೊಳ್ಳಲಾಗದು.

ಲಾಭ ಎಷ್ಟಾಯಿತು

ಮೂರು ಸಮಯ ಅಳೆಯಿರಿ: ಓದು ಮಾತ್ರ, ಲೆಕ್ಕ ಮಾತ್ರ, ಎರಡೂ ಒಟ್ಟಿಗೆ. ಸಾದಾ ಪ್ರೋಗ್ರಾಂನಲ್ಲಿ ಮೊದಲೆರಡರ ಮೊತ್ತ ಹಿಡಿಯುತ್ತದೆ. ಹೊಸದರಲ್ಲಿ ಹೆಚ್ಚೆಂದರೆ ಎರಡರಲ್ಲಿ ದೊಡ್ಡದರಷ್ಟಕ್ಕೆ ಇಳಿಯಬಹುದು. ಓದಿಗೆ 20 ಸೆಕೆಂಡು, ಲೆಕ್ಕಕ್ಕೆ 20 ಸೆಕೆಂಡು ಎಂದಿಟ್ಟುಕೊಂಡರೆ 40 ಇದ್ದದ್ದು 20ರ ಹತ್ತಿರ ಬರುತ್ತದೆ. ಲೆಕ್ಕ ಬರೀ 1 ಸೆಕೆಂಡಿನದಾದರೆ 21 ಇದ್ದದ್ದು 20 ಆಗುತ್ತದೆ, ಅಷ್ಟಕ್ಕೆ ಇಷ್ಟೆಲ್ಲ ಸರ್ಕಸ್ ಬೇಡ. ನಮ್ಮ ಮಳೆ ದಿನಗಳ ಎಣಿಕೆ ಎರಡನೇ ಜಾತಿಯದು. ಕಲಿಯಲು ಹೇಳಿಮಾಡಿಸಿದ ಲೆಕ್ಕ, ಆದರೆ ಪ್ರತಿ ಬಿಂದುವಿಗೂ ಸಾವಿರಾರು ಬಾರಿ ಮರುಮಾದರಿ ತೆಗೆಯುವಂಥ ಭಾರದ ಕೆಲಸವನ್ನು ಅದರ ಜಾಗಕ್ಕೆ ಹಾಕಿದಾಗಲೇ ವ್ಯತ್ಯಾಸ ಕಾಣುವುದು.

ಅಳೆಯುವಾಗ ಒಂದು ಎಚ್ಚರ. 3 ಜಿಬಿ ಫೈಲನ್ನು ಒಮ್ಮೆ ಓದಿದ ಮೇಲೆ ಲಿನಕ್ಸ್ ಅದನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಎರಡನೇ ಓಟ ವೇಗವಾಗಿದ್ದರೆ ಅದು ನಿಮ್ಮ ಜಾಣತನವಲ್ಲ. ಪ್ರತಿ ಓಟಕ್ಕೆ ಮುಂಚೆ ರೂಟ್ ಆಗಿ ಡ್ರಾಪ್_ಕ್ಯಾಶಸ್‌ಗೆ 3 ಬರೆದು ಖಾಲಿ ಮಾಡಿ.

ವೇಯ್ಟ್‌ನಲ್ಲಿ ಪ್ರತಿ ಪ್ರೊಸೆಸ್ ಎಷ್ಟು ಹೊತ್ತು ಕಳೆಯಿತು ಎಂಬುದನ್ನೂ ಬೇರೆಬೇರೆಯಾಗಿ ಬರೆಸಿ. ಮೊದಲ ಪ್ರೊಸೆಸ್‌ನ 33 ಸಾಲುಗಳು 6.5ರಿಂದ 14.5 ಡಿಗ್ರಿಯವರೆಗೆ. ಮಲೆನಾಡಿನ ಬಹುಭಾಗ ಅಲ್ಲೇ ಇದೆ, ಆದರೆ ಆ ಪಟ್ಟಿಯಲ್ಲಿ ಹೆಚ್ಚಿನದು ಸಮುದ್ರ, ಲೆಕ್ಕವಿಲ್ಲದ -999. ಅದು ಬೇಗ ಮುಗಿಸಿ ಉಳಿದವರಿಗಾಗಿ ಕಾಯುತ್ತದೆ. ಸಾಲುಗಳನ್ನು ಪಟ್ಟಿಯಾಗಿ ಕೊಡುವ ಬದಲು ನಾಲ್ಕಕ್ಕೊಂದರಂತೆ ಸರದಿಯಲ್ಲಿ ಹಂಚಿದರೆ ಇದು ಸಮನಾಗುತ್ತದೆ. ಆಗ ಸಬ್‌ಅರ್ರೇ ಬದಲು ಎಂಪಿಐ_ಟೈಪ್_ಇಂಡೆಕ್ಸ್ಡ್ ಕಟ್ಟಿ, ಎಂಪಿಐ_ಟೈಪ್_ಕ್ರಿಯೇಟ್_ರೀಸೈಜ್ಡ್‌ನಿಂದ ಅದರ ವ್ಯಾಪ್ತಿಯನ್ನು 69,660 ಬೈಟಿಗೆ ಸರಿಪಡಿಸಬೇಕು. ಚೂರುಗಳು ಇನ್ನೂ ಚಿಕ್ಕವಾದರೂ ಡಿಸ್ಕಿಗೆ ಅದು ತಿಳಿಯುವುದೇ ಇಲ್ಲ, ಅಗ್ರಿಗೇಟರ್ ಓದುವುದು ಅಖಂಡವಾಗಿಯೇ.

ಹಿಂಟ್‌ಗಳು, ದೊಡ್ಡ ಮೆಷಿನ್‌ಗಳು

ರೋಮಿಯೋದಲ್ಲಿ ಸಾಮಾನ್ಯವಾಗಿ ಒಂದು ಕಂಪ್ಯೂಟರಿಗೆ ಒಂದು ಅಗ್ರಿಗೇಟರ್, ಅದರ ಬಫರ್ 16 ಎಂಬಿ. ನಮ್ಮ ಒಂದು ಕಂತು ಒಟ್ಟು 25 ಎಂಬಿ ಇರುವುದರಿಂದ ಎರಡು ಸುತ್ತು ಬೇಕು. ಎಂಪಿಐ_ಇನ್ಫೋ ಮೂಲಕ ಸಿಬಿ_ಬಫರ್_ಸೈಜ್‌ಗೆ 33554432 ಕೊಟ್ಟರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ರೋಮಿಯೋ_ಸಿಬಿ_ರೀಡ್‌ಗೆ ಎನೇಬಲ್ ಕೊಟ್ಟರೆ ಟೂ ಫೇಸ್ ಖಚಿತ. ಅರ್ಥವಾಗದ ಹಿಂಟನ್ನು ಲೈಬ್ರರಿ ಸುಮ್ಮನೆ ಕಡೆಗಣಿಸುತ್ತದೆ. ಓಪನ್ ಎಂಪಿಐ ಎಂಬ ಇನ್ನೊಂದು ಅಳವಡಿಕೆಯ ಸ್ವಂತ ಫೈಲ್ ಲೈಬ್ರರಿ ಓಂಪಿಐಓ ಬಳಸುವವರಿಗೆ ರೋಮಿಯೋ ಹೆಸರಿನ ಹಿಂಟ್ ನಾಟದಿರುವುದು ಅದಕ್ಕೇ. ಕೊಟ್ಟದ್ದು ನಾಟಿತೇ ಎಂದು ಎಂಪಿಐ_ಫೈಲ್_ಗೆಟ್_ಇನ್ಫೋ ಕರೆದು ನೋಡಿ.

ಲ್ಯಾಬಿನ ನಾಲ್ಕು ಮೆಷಿನ್‌ಗಳನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಡಿಸ್ಕ್) ಮೇಲೆ ಜೋಡಿಸಿ ಈ ಪ್ರಯೋಗ ಮಾಡುವ ಉಮೇದು ಎಲ್ಲರಿಗೂ ಬರುತ್ತದೆ. ಹಿಂದಿರುವುದು ಒಂದೇ ಸರ್ವರ್, ಒಂದೇ ಡಿಸ್ಕ್. ಅದರ ಮೇಲೆ ರೋಮಿಯೋ ಲಾಕ್ ಹಾಕಿ ಓದುವುದರಿಂದ ಇನ್ನಷ್ಟು ನಿಧಾನ. ಕಲಿಯುವುದಕ್ಕೆ ಒಂದೇ ಮೆಷಿನ್ ಸಾಕು.

ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಿಂದ ಇರುವ 3.3 ಪೆಟಾಫ್ಲಾಪ್ಸ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದಂಥ ಕಡೆ ಓಡಿಸುವ ಅವಕಾಶ ಸಿಕ್ಕರೆ, ಅಲ್ಲಿ ಯಾವ ಫೈಲ್‌ಸಿಸ್ಟಂ ಇದೆ ಎಂದು ಮೊದಲು ಕೇಳಿ. ಲಸ್ಟರ್ ಆಗಿದ್ದರೆ ಫೈಲು ಎಷ್ಟು ಸ್ಟೋರೇಜ್ ಟಾರ್ಗೆಟ್‌ಗಳಿಗೆ ಹರಡಿರುತ್ತದೆ ಎಂಬುದು ಅದು ಹುಟ್ಟಿದಾಗಲೇ ತೀರ್ಮಾನವಾಗುತ್ತದೆ. ಓದುವಾಗ ಸ್ಟ್ರೈಪಿಂಗ್_ಫ್ಯಾಕ್ಟರ್ ಹಿಂಟ್ ಕೊಟ್ಟು ಅದನ್ನು ಬದಲಿಸಲಾಗುವುದಿಲ್ಲ. ಖಾಲಿ ಡೈರೆಕ್ಟರಿಗೆ ಮೊದಲು ಎಲ್‌ಎಫ್‌ಎಸ್ ಸೆಟ್‌ಸ್ಟ್ರೈಪ್ ಕೊಟ್ಟು, ಆಮೇಲೆ ಮಳೆ ಫೈಲನ್ನು ಅದರೊಳಕ್ಕೆ ಕಾಪಿ ಮಾಡಿ.